ಏಳು ಮೀಟರ್ ಬಾಗಿಲಲ್ಲಿ ನೈಲ್ ನದಿ

ಮಾತುಕತೆಯ ನಡುವೆ ತೋರಿಸಬೇಕಾದ ದೃಶ್ಯಗಳನ್ನು ಜೋಡಿಸುತ್ತಿದ್ದಾಗ ನಮ್ಮ ಸಂಕಲನಕಾರರು ಕೈ ನಿಲ್ಲಿಸಿ, "ಸಾರ್, ಚಿತ್ರ ಸಿಕ್ಕಿಹಾಕಿಕೊಂಡಿದೆ" ಎಂದರು. ಪರದೆಯ ಮೇಲೆ ಬೂದು ಬಣ್ಣದ ದೊಡ್ಡ ಹಕ್ಕಿಯೊಂದು ನಿಂತಿತ್ತು. ಮರದ ಪಾದುಕೆಯನ್ನು ಮುಖಕ್ಕೆ ಅಂಟಿಸಿದಂಥ ಕೊಕ್ಕು. ಹಿಂದಿನ ಜೊಂಡು ಗಾಳಿಗೆ ಅಲ್ಲಾಡುತ್ತಿರುವುದನ್ನು ತೋರಿಸಿದ ಮೇಲೆಯೇ ಅವರಿಗೆ ನಂಬಿಕೆ ಬಂದದ್ದು. ಚಿತ್ರ ಓಡುತ್ತಲೇ ಇತ್ತು, ನಿಂತಿದ್ದುದು ಹಕ್ಕಿ.

ಇದರ ಹೆಸರು ಶೂಬಿಲ್. ಎತ್ತರ ಒಂದು ಮೀಟರಿಗೂ ಹೆಚ್ಚು. ಹಿಂದೆ ಇದನ್ನು ಕೊಕ್ಕರೆಗಳ ಗುಂಪಿಗೆ ಸೇರಿಸುತ್ತಿದ್ದರು. ಈಗ ವಿಜ್ಞಾನಿಗಳು ಇದನ್ನು ಹೆಜ್ಜಾರ್ಲೆಗಳಿಗೆ ಹತ್ತಿರದ ಸಂಬಂಧಿ ಎನ್ನುತ್ತಾರೆ. ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುತ್ತದಲ್ಲ, ಅದೇ ಹೆಜ್ಜಾರ್ಲೆಯ ಬಳಗ. ಶೂಬಿಲ್ ನೋಡಲು ಪಕ್ಷಿವೀಕ್ಷಕರು ಹೋಗುವ ಸ್ಥಳಗಳಲ್ಲಿ ಉಗಾಂಡಾ ದೇಶದ ವಾಯವ್ಯ ಭಾಗದ ಮರ್ಚಿಸನ್ ಫಾಲ್ಸ್ ರಾಷ್ಟ್ರೀಯ ಉದ್ಯಾನ ಒಂದು. 1952ರಲ್ಲಿ ಸ್ಥಾಪನೆಯಾದ, 3,800 ಚದರ ಕಿಲೋಮೀಟರಿಗೂ ಮಿಕ್ಕಿದ ಈ ಉದ್ಯಾನ ಆ ದೇಶದಲ್ಲೇ ಅತಿ ದೊಡ್ಡದು. ಇಲ್ಲಿ 450ಕ್ಕೂ ಹೆಚ್ಚು ಬಗೆಯ ಹಕ್ಕಿಗಳಿವೆ.

ವಿದ್ಯಾರ್ಥಿ ಮಿತ್ರರೇ, ಆ ಹಕ್ಕಿ ಹಾಗೆ ಕಲ್ಲಿನಂತೆ ನಿಲ್ಲುವುದೇಕೆ ಎಂದು ತಿಳಿಯಬೇಕಾದರೆ ಮೊದಲು ಭೂಪಟ ತೆಗೆಯಿರಿ. ವಿಕ್ಟೋರಿಯಾ ಸರೋವರ ಸಮುದ್ರಮಟ್ಟದಿಂದ 1,134 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಹೊರಡುವ ನೈಲ್ ನದಿ ಕ್ಯೋಗಾ ಸರೋವರವನ್ನು ಹಾದು ಆಲ್ಬರ್ಟ್ ಸರೋವರ ಸೇರುತ್ತದೆ. ಆಲ್ಬರ್ಟ್ ಇರುವುದು ಸುಮಾರು 620 ಮೀಟರ್ ಎತ್ತರದಲ್ಲಿ. ಆಫ್ರಿಕಾ ಖಂಡದ ಭೂಚಿಪ್ಪು ಇಲ್ಲಿ ನಿಧಾನವಾಗಿ ಎರಡು ಕಡೆಗೆ ಜಗ್ಗಿ, ನಡುವಣ ನೆಲ ಕುಸಿದು ಬಿರುಕು ಕಣಿವೆಯಾಗಿದೆ. ಆಲ್ಬರ್ಟ್ ಸರೋವರ ಆ ಕಣಿವೆಯ ತಳದಲ್ಲಿದೆ. ಅಲ್ಲಿಗೆ ಇಳಿಯುವ ಹಾದಿಯಲ್ಲಿ ಇಡೀ ನದಿ ಸುಮಾರು 7 ಮೀಟರ್ ಅಗಲದ ಬಂಡೆಯ ಸಂದಿಯಲ್ಲಿ ನುಗ್ಗಿ 43 ಮೀಟರ್ ಕೆಳಕ್ಕೆ ಬೀಳುತ್ತದೆ. ಮೇಕೆದಾಟನ್ನು ನೋಡಿದವರಿಗೆ ಹೀಗೆ ಹಿಂಡಿಸಿಕೊಂಡ ನದಿಯ ಆರ್ಭಟ ಗೊತ್ತು. ಎತ್ತರದಲ್ಲಿ ಇದು ನಮ್ಮ ಜೋಗದ ಐದನೆಯ ಒಂದು ಪಾಲೂ ಇಲ್ಲ. ಆದರೆ ಜಲಪಾತಗಳನ್ನು ಎತ್ತರದಿಂದಲೇ ಅಳೆಯುವ ನಮ್ಮ ಅಭ್ಯಾಸ ಅಷ್ಟೇನೂ ಒಳ್ಳೆಯದಲ್ಲ.

1864ರಲ್ಲಿ ಇಲ್ಲಿಗೆ ಬಂದ ಸ್ಯಾಮುಯೆಲ್ ಬೇಕರ್, ಫ್ಲಾರೆನ್ಸ್ ಬೇಕರ್ ದಂಪತಿಗಳು ಲಂಡನ್ನಿನ ಭೂಗೋಳ ಸಂಸ್ಥೆಯ ಅಧ್ಯಕ್ಷರಾಗಿದ್ದ ಮರ್ಚಿಸನ್ ಅವರ ಹೆಸರನ್ನು ಜಲಪಾತಕ್ಕೆ ಇಟ್ಟರು. 1970ರ ದಶಕದಲ್ಲಿ ಇದೇ ಜಲಪಾತವನ್ನು ಬ್ರಿಟಿಷರ ವಿರುದ್ಧ ಹೋರಾಡಿದ ಬುನ್ಯೋರೊ ದೊರೆ ಕಬಲೇಗನ ಹೆಸರಿನಿಂದ ಕರೆದರು. 1962ರಲ್ಲಿ ಪ್ರವಾಹ ಉಕ್ಕಿ ಪಕ್ಕದಲ್ಲೇ ಇನ್ನೊಂದು ಧಾರೆ ಒಡೆಯಿತು. ಅದು ಉಗಾಂಡಾ ಸ್ವತಂತ್ರವಾದ ವರ್ಷ. ಹಾಗಾಗಿ ಆ ಧಾರೆಗೆ ಉಹುರು ಎಂದು ಹೆಸರಾಯಿತು. ಸ್ವಾಹಿಲಿ ಭಾಷೆಯಲ್ಲಿ ಉಹುರು ಎಂದರೆ ಸ್ವಾತಂತ್ರ್ಯ.

ಪಾರಾ ಎಂಬಲ್ಲಿಂದ ದೋಣಿ ಹತ್ತಿದರೆ ನೀರಾನೆ, ಮೊಸಳೆ, ನೀರಿಗಿಳಿದ ಆನೆಗಳನ್ನು ನೋಡುತ್ತ ಸುಮಾರು 17 ಕಿಲೋಮೀಟರ್ ಮೇಲಕ್ಕೆ ಸಾಗಬಹುದು. ದಂಡೆಯ ಮಣ್ಣಿನ ಗೋಡೆಯಲ್ಲಿ ಕೆಂಪು ಕತ್ತಿನ ಜೇನುಹಿಡುಕ ಹಕ್ಕಿಗಳ ಗೂಡುಗಳು ತೂತು ತೂತಾಗಿ ಕಾಣುತ್ತವೆ. ಜಲಪಾತದ ಕೆಳಗಿನ ನೊರೆನೀರಿನಲ್ಲಿ ಗಾಳಿ ಚೆನ್ನಾಗಿ ಬೆರೆತಿರುವುದರಿಂದ ಆಮ್ಲಜನಕಕ್ಕೆ ಕೊರತೆಯಿಲ್ಲ. ನೂರು ಕಿಲೋ ದಾಟಿ ಬೆಳೆಯಬಲ್ಲ ನೈಲ್ ಪರ್ಚ್ ಎಂಬ ಬೇಟೆಗಾರ ಮೀನಿಗೆ ಇಂಥ ನೀರೇ ಬೇಕು.

ಈ ಮೀನು ಎಷ್ಟೇ ಬಲಶಾಲಿಯಾದರೂ ಜಲಪಾತವನ್ನು ಹತ್ತಲಾರದು. ಹಾಗಾಗಿ ಮೇಲಿನ ವಿಕ್ಟೋರಿಯಾ ಸರೋವರದಲ್ಲಿ ನೈಲ್ ಪರ್ಚ್ ಇರಲೇ ಇಲ್ಲ. ಅಲ್ಲಿ ಸಿಕ್ಲಿಡ್ ಜಾತಿಯ ಸಣ್ಣ ಮೀನುಗಳು ನೂರಾರು ಪ್ರಭೇದಗಳಾಗಿ ಕವಲೊಡೆದಿದ್ದವು. ಜೀವವಿಕಾಸದ ಪಾಠಕ್ಕೆ ಅಷ್ಟು ಒಳ್ಳೆಯ ಉದಾಹರಣೆ ಬೇರೆ ಸಿಗುವುದು ಕಷ್ಟ. 1950ರ ದಶಕದಲ್ಲಿ ಮೀನುಗಾರಿಕೆ ಹೆಚ್ಚಲೆಂದು ಮನುಷ್ಯನೇ ನೈಲ್ ಪರ್ಚನ್ನು ಮೇಲಕ್ಕೆ ಒಯ್ದು ಬಿಟ್ಟ. 1980ರ ದಶಕದಲ್ಲಿ ಅದರ ಸಂಖ್ಯೆ ಸ್ಫೋಟಿಸಿತು. ಸುಮಾರು ಇನ್ನೂರು ಸಿಕ್ಲಿಡ್ ಪ್ರಭೇದಗಳು ಕಣ್ಮರೆಯಾದವೆಂದು ಅಂದಾಜು. ಕೊಳಚೆ ಸೇರಿ ಸರೋವರ ಕೆಟ್ಟದ್ದೂ ಇದಕ್ಕೆ ಒಂದು ಕಾರಣ. ಸರೋವರದ ಸುತ್ತಲ ಜನರಿಗೆ ಈ ಮೀನಿನ ರಫ್ತಿನಿಂದ ಉದ್ಯೋಗ ಸಿಕ್ಕಿದ್ದೂ ನಿಜ. ಆದರೆ ಬಂಡೆಯ ಆ ಅಡ್ಡಗೋಡೆ ಕಾಯ್ದುಕೊಂಡು ಬಂದದ್ದು ಮೂವತ್ತು ವರ್ಷಗಳಲ್ಲಿ ಹೋಯಿತು.

ಈಗ ದೋಣಿಯನ್ನು ಕೆಳಕ್ಕೆ ತಿರುಗಿಸೋಣ. ನೈಲ್ ಆಲ್ಬರ್ಟ್ ಸರೋವರ ಸೇರುವಲ್ಲಿ ಹರಿವು ಮಂದವಾಗಿ ಪಪೈರಸ್ ಜೊಂಡು ಹಬ್ಬಿದೆ. ಇಲ್ಲಿನ ಕಥೆ ಜಲಪಾತದ ಬುಡದ್ದಕ್ಕೆ ತದ್ವಿರುದ್ಧ. ಜೊಂಡು ಕೊಳೆಯುವಾಗ ನೀರಿನ ಆಮ್ಲಜನಕ ಖರ್ಚಾಗುತ್ತದೆ. ಇಂಥಲ್ಲಿ ಬದುಕಬಲ್ಲದ್ದು ಲಂಗ್‌ಫಿಷ್. ಹೆಸರೇ ಹೇಳುವಂತೆ ಇದಕ್ಕೆ ಶ್ವಾಸಕೋಶವಿದೆ. ಕಿವಿರಿದ್ದರೂ ಸಾಲದೆ, ಗಾಳಿ ನುಂಗಲು ಆಗಾಗ ಮೇಲೆ ಬರಲೇಬೇಕು. ಶೂಬಿಲ್ ಕಾಯುವುದು ಆ ಒಂದು ಗಳಿಗೆಗಾಗಿ. ಕಾಲು ಅಲ್ಲಾಡಿದರೆ ನೀರು ಅಲ್ಲಾಡುತ್ತದೆ, ಮೀನು ಕೆಳಗೇ ಉಳಿಯುತ್ತದೆ. ನಮ್ಮ ಸಂಕಲನಕಾರರು ಅನುಮಾನಿಸಿದ ಆ ದೃಶ್ಯವನ್ನು ಒಂದಿಷ್ಟೂ ಕತ್ತರಿಸದೆ ತೋರಿಸುವುದೆಂದು ಆಮೇಲೆ ತೀರ್ಮಾನಿಸಿದೆವು.

ಕುಸಿದ ಆ ಕಣಿವೆಯಲ್ಲಿ ಲಕ್ಷಾಂತರ ವರ್ಷ ಶೇಖರವಾದ ಹೂಳಿನ ಪದರಗಳಲ್ಲಿ ತೈಲವೂ ಇದೆ. 2006ರಲ್ಲಿ ಅದು ಪತ್ತೆಯಾಯಿತು. 2023ರಲ್ಲಿ ಉದ್ಯಾನದ ಒಳಗೇ ಬಾವಿ ಕೊರೆಯಲು ಆರಂಭಿಸಿದರು. ಜಿರಾಫೆಗಳ ಹುಲ್ಲುಗಾವಲು ನದಿಯ ಉತ್ತರ ದಡದಲ್ಲಿದೆ, ತೈಲವೂ ಅಲ್ಲಿಯೇ. ನೈಲ್ ನದಿಯನ್ನು ಜಿರಾಫೆ ಈಜಿ ದಾಟದು. ಹೀಗಾಗಿ 2016ರಲ್ಲಿ ಹದಿನೆಂಟು ಜಿರಾಫೆಗಳನ್ನು ದೋಣಿಯ ಮೇಲೆ ದಕ್ಷಿಣ ದಡಕ್ಕೆ ಸಾಗಿಸಿದರು. ಇಲ್ಲಿಯೂ ದಾಟಿಸಿದವನು ಮನುಷ್ಯನೇ. ಈ ಬಾರಿ ಲೆಕ್ಕಾಚಾರ ಬೇರೆ. 2019ರಲ್ಲಿ ಉಹುರು ಧಾರೆಯ ಬಳಿ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಪ್ರವಾಸೋದ್ಯಮದವರೂ ಪರಿಸರ ಸಂಘಟನೆಗಳೂ ಬಲವಾಗಿ ವಿರೋಧಿಸಿದರು. ನದಿಯ ಮೇಲ್ಭಾಗದ ಕರುಮಾದಲ್ಲಿ 600 ಮೆಗಾವಾಟ್ ಸ್ಥಾವರ 2024ರಲ್ಲಿ ಉದ್ಘಾಟನೆಯಾಗಿದೆ. ವಿದ್ಯುತ್ತು ಆ ದೇಶಕ್ಕೆ ಬೇಡವೆನ್ನಲು ದೀಪದ ಕೆಳಗೆ ಕುಳಿತ ನಾವು ಯಾರು? ಆದರೆ ಧಾರೆ ಸಣ್ಣದಾದರೆ ಕೆಳಗಿನ ನೊರೆ, ನೊರೆಯ ಆಮ್ಲಜನಕ, ಅದನ್ನು ನಂಬಿದ ಮೀನು ಏನಾದಾವು ಎಂಬ ಲೆಕ್ಕವನ್ನೂ ಯಾರಾದರೂ ಹಾಕಬೇಕಾಗುತ್ತದೆ.

ನಿಮ್ಮಲ್ಲಿ ಯಾರಾದರೂ ಮುಂದೊಂದು ದಿನ ಅಲ್ಲಿಗೆ ಹೋಗುವುದಾದರೆ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಒಣ ಹವೆ ಅನುಕೂಲ. ಕಾಂಪಾಲಾದಿಂದ ರಸ್ತೆಯಲ್ಲಿ ಸುಮಾರು 300 ಕಿಲೋಮೀಟರ್. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕಡ್ಡಾಯ. ಅದಿಲ್ಲದೆ ಹಿಂದಿರುಗಿದವರನ್ನು ನಮ್ಮ ದೇಶದ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ದೋಣಿಯಲ್ಲಿ ಬೈನಾಕ್ಯುಲರ್ ಜೊತೆಗಿರಲಿ. ಶೂಬಿಲ್ ನೋಡಲು ನದೀಮುಖದ ಕಡೆಗೆ ಹೋಗುವ ದೋಣಿ ಬೇರೆ, ಜಲಪಾತದ ದೋಣಿ ಬೇರೆ. ಮೊದಲೇ ಕೇಳಿಕೊಂಡು ಹತ್ತಿ.