ಕೊಂಬೆಯ ಮೇಲಿನ ಬಕುಳ

ಬಕುಳದ ಹೂವನ್ನು ಬಹುಪಾಲು ಜನ ನೋಡಿರುವುದು ನೆಲದ ಮೇಲೆ, ಇಲ್ಲವೆ ಮಾಲೆಯಲ್ಲಿ. ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿ, ಅಂದರೆ ವರ್ಷದ ಯಾವ ಕಾಲದಲ್ಲೂ ಎಲೆಯುದುರಿ ಬರಿದಾಗದ ಕಾಡುಗಳಲ್ಲಿ, ಸಹಜವಾಗಿ ಬೆಳೆಯುವ ಈ ಮರವು ರೆಂಜೆಯೆಂದೂ ಹೆಸರಾಗಿದ್ದು, ಉಗುರಿನಗಲದ ತನ್ನ ಹೂವನ್ನು ದಟ್ಟ ಎಲೆಗಳ ಸಂದಿಯಲ್ಲಿ ತಲೆಕೆಳಗಾಗಿ ತೂಗಿಬಿಡುವುದರಿಂದ, ಛಾಯಾಚಿತ್ರಕಾರನಿಗೂ ಮೊದಲು ಸಿಗುವುದು ಬೆಳಿಗ್ಗೆ ಬುಡದಲ್ಲಿ ಉದುರಿರುವ ಹೂವೇ. ಆದರೆ ಅದರ ಚಿತ್ರ ತೆಗೆದರೆ ಅದರಲ್ಲಿ ಅರ್ಧ ಹೂವು ಮಾತ್ರ ಇರುತ್ತದೆ.

ಬಕುಳದ ದಳಗಳೆಲ್ಲ ಬುಡದಲ್ಲಿ ಉಂಗುರವಾಗಿ ಕೂಡಿಕೊಂಡಿದ್ದು, ಪರಾಗವನ್ನು ಹೊರುವ ಕೇಸರಗಳೂ ಅದಕ್ಕೇ ಅಂಟಿಕೊಂಡಿರುತ್ತವೆ. ಉದುರುವಾಗ ಈ ಉಂಗುರ ಇಡಿಯಾಗಿ ಕಳಚಿ ಬೀಳುತ್ತದೆ. ಹೂವನ್ನು ಹೊರಗಿನಿಂದ ಹೊದ್ದಿರುವ 8 ಪುಷ್ಪಪತ್ರಗಳೂ ಮುಂದೆ ಕಾಯಾಗುವ ಅಂಡಾಶಯವೂ ಕೊಂಬೆಯಲ್ಲೇ ಉಳಿಯುತ್ತವೆ. ಬಿದ್ದ ಹೂವಿನ ನಡುವಿನ ತೂತು ಅಂಡಾಶಯವಿದ್ದ ಜಾಗ. ಸೂಜಿಯ ಹಂಗಿಲ್ಲದೆ ಹೂವನ್ನು ನಾರಿಗೆ ಪೋಣಿಸಲಾಗುವುದು ಅದರಿಂದಲೇ. ದಳಗಳ ರಚನೆಯೂ ಸರಳವಲ್ಲ. 8 ದಳಗಳಲ್ಲಿ ಒಂದೊಂದಕ್ಕೂ ಬೆನ್ನಿನಲ್ಲಿ ಎರಡೆರಡು ಉಪದಳಗಳಿರುವುದರಿಂದ ಒಟ್ಟು 24 ಎಸಳುಗಳು ಕಾಣುತ್ತವೆ. ಒಳಗಿನ 8 ನೆಟ್ಟಗೆ ನಿಂತು ಕೇಸರಗಳನ್ನು ಮರೆಮಾಡಿದರೆ, ಉಳಿದ 16 ಸುತ್ತಲೂ ಹರಡಿಕೊಳ್ಳುತ್ತವೆ. ಇವೆಲ್ಲವೂ ಒಟ್ಟಿಗೆ ಇರುವುದು ಕೊಂಬೆಯ ಮೇಲೆ ಮಾತ್ರ.

ಇಷ್ಟು ಚಿಕ್ಕ ವಸ್ತುವಿಗೆ ಮ್ಯಾಕ್ರೊ ಲೆನ್ಸ್ ಬೇಕಾಗುತ್ತದೆ. ಅದು ವಸ್ತುವಿನ ಬಿಂಬವನ್ನು ಕ್ಯಾಮೆರಾದ ಸಂವೇದಕದ ಮೇಲೆ ನಿಜಗಾತ್ರದಲ್ಲಿ, ಅಂದರೆ 1:1 ಪ್ರಮಾಣದಲ್ಲಿ, ಮೂಡಿಸಬಲ್ಲದು; ಆದರೆ ಅಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುವ ಆಳವು, 36×24 ಮಿಲಿಮೀಟರ್ ಸಂವೇದಕದಲ್ಲಿ ಎಫ್/8 ಅಪರ್ಚರ್ ಇಟ್ಟರೂ, ಸುಮಾರು 1 ಮಿಲಿಮೀಟರಿನಷ್ಟೇ ಇರುತ್ತದೆ. ಎಸಳಿನ ತುದಿ ಸ್ಪಷ್ಟವಾದರೆ ಪುಷ್ಪಪತ್ರ ಮಸುಕಾಗುತ್ತದೆ. ಬೆಳಕು ಒಳಬರುವ ರಂಧ್ರವಾದ ಅಪರ್ಚರನ್ನು ಎಫ್/16ಕ್ಕೆ ಕಿರಿದಾಗಿಸಿದರೆ ಆಳ ಹೆಚ್ಚುತ್ತದೆ ನಿಜ. ಆದರೆ ಬೆಳಕು ಕಿರುರಂಧ್ರದ ಅಂಚಿನಲ್ಲಿ ಬಾಗಿ ಹರಡುವ ವಿವರ್ತನೆಯಿಂದ ಇಡೀ ಚಿತ್ರದ ಚೂಪು ತಗ್ಗುತ್ತದೆ. ಫೋಕಸನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಹಲವು ಚಿತ್ರಗಳನ್ನು ತೆಗೆದು ಕಂಪ್ಯೂಟರಿನಲ್ಲಿ ಬೆಸೆಯುವ ಫೋಕಸ್ ಸ್ಟ್ಯಾಕಿಂಗ್ ಇದಕ್ಕೆ ಒಳ್ಳೆಯ ಪರಿಹಾರವೇ ಆದರೂ, ಗಾಳಿಗೆ ಕೊಂಬೆ ತುಸು ಅಲುಗಿದರೂ ಅದು ಕೈಕೊಡುತ್ತದೆ.

ಬೆಳಕಿನದು ಇನ್ನೊಂದು ಕಷ್ಟ. ಎಲೆಗಳ ಚಪ್ಪರದಡಿ ಬೆಳಕು ತೀರ ಕಡಿಮೆ. ಬರುವುದೂ ಎಲೆಗಳಿಂದ ಸೋಸಿ ಹಸಿರು ಛಾಯೆ ತಾಳಿ ಬರುವುದರಿಂದ ಕೆನೆಬಣ್ಣದ ಹೂವು ತನ್ನ ನಿಜವರ್ಣದಲ್ಲಿ ಕಾಣುವುದಿಲ್ಲ. ಜೊತೆಗೆ, ಕ್ಯಾಮೆರಾದ ಬೆಳಕಿನ ಮಾಪಕವು ಎದುರಿನ ದೃಶ್ಯವನ್ನೆಲ್ಲ ನಡುಮಟ್ಟದ ಬೂದು ಬಣ್ಣವೆಂದೇ ಅಳೆಯುವುದರಿಂದ, ಕಡುಹಸಿರು ಎಲೆಗಳ ನಡುವಿನ ಹೂವು ಅತಿಯಾಗಿ ಬೆಳಗಿ ಎಸಳಿನ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಎಕ್ಸ್‌ಪೋಶರನ್ನು ಒಂದು ಸ್ಟಾಪಿನಷ್ಟು, ಅಂದರೆ ಅರ್ಧಕ್ಕೆ, ತಗ್ಗಿಸಿ, ಬಿಳಿ ಬಟ್ಟೆಯಿಂದ ಮೃದುಗೊಳಿಸಿದ ಫ್ಲಾಶ್ ಬಳಸುವುದು ಉಚಿತ. ಎತ್ತರದ ಹೂವನ್ನು ತಲುಪಲು ಕೊಂಬೆ ಮುರಿಯುವುದು ಮಾತ್ರ ಎಂದಿಗೂ ಸಲ್ಲದು. ಘಟ್ಟದ ಇಳಿಜಾರಿನಲ್ಲಿ ಕೆಳಗಿನ ಮರದ ನೆತ್ತಿ ಮೇಲಿನ ದಾರಿಯಲ್ಲಿ ನಿಂತವರ ಕಣ್ಣಿಗೆ ಸಮವಾಗಿ ಬರುವ ಜಾಗಗಳು ಹುಡುಕಿದರೆ ಸಿಗುತ್ತವೆ.

1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ‘ಹೊರ್ಟುಸ್ ಮಲಬಾರಿಕುಸ್’ ಎಂಬ ಸಚಿತ್ರ ಸಸ್ಯಗ್ರಂಥದಲ್ಲಿ ಬಕುಳವೂ ಇದೆ. ಸಸ್ಯಚಿತ್ರಕಾರನು ಎಲೆ, ಹೂವು, ಕಾಯಿಗಳನ್ನು ಒಂದೇ ಹಾಳೆಯಲ್ಲಿ ಬರೆದು ತೋರಿಸಬಲ್ಲ. ಕ್ಯಾಮೆರಾಕ್ಕೆ ಆ ಸ್ವಾತಂತ್ರ್ಯ ಇಲ್ಲದ್ದರಿಂದ, ಹೂವಿನ ಎದುರುನೋಟ, ಪುಷ್ಪಪತ್ರಗಳು ಕಾಣುವ ಪಕ್ಕದ ನೋಟ, ಎಲೆಯ ಎರಡೂ ಮೈ, ತೊಗಟೆ ಇವುಗಳನ್ನು ಬೇರೆಬೇರೆಯಾಗಿ ತೆಗೆದು ಜೊತೆಗಿಡುವುದು ಅಗತ್ಯ. ಮಸುಕು ಹಿನ್ನೆಲೆಯ ಒಂಟಿ ಹೂವು ಎಷ್ಟೇ ಚೆಲುವಾಗಿದ್ದರೂ ಮರವನ್ನು ಗುರುತಿಸುವವರಿಗೆ ಈ ಗುಂಪಿನಷ್ಟು ನೆರವಾಗದು. ಇಂಥ ಚಿತ್ರಗಳನ್ನು ಸ್ಥಳ ಹಾಗೂ ದಿನಾಂಕಗಳೊಡನೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ಸಾರ್ವಜನಿಕ ಸಂಗ್ರಹಕ್ಕೆ ಸೇರಿಸಿದಾಗ, ಯಾವ ಕಾಡಿನಲ್ಲಿ ಬಕುಳ ಯಾವ ತಿಂಗಳು ಅರಳುತ್ತದೆ, ಆ ಕಾಲ ವರ್ಷದಿಂದ ವರ್ಷಕ್ಕೆ ಸರಿಯುತ್ತಿದೆಯೇ ಎಂಬುದನ್ನು ಅರಸುವವರಿಗೆ ಅವು ದಾಖಲೆಗಳಾಗಿ ಒದಗುತ್ತವೆ.