ಕೆರೆಗೆ ಬರುವ ಹಕ್ಕಿಗಳು

ಹೊಂಗೆ ಚಿಗುರಿತು. ಯುಗಾದಿ ಹತ್ತಿರ ಬಂತು. ಕೆರೆಯ ನೀರು ದಿನದಿನಕ್ಕೆ ಇಳಿಯುತ್ತದೆ. ಬಟ್ಟೆ ಒಗೆಯೋಕೆ ನಾವು ಇನ್ನೂ ಕೆಳಕ್ಕೆ ಇಳಿಯಬೇಕು. ಆದರೆ ಹಕ್ಕಿಗಳಿಗೆ ಇದೇ ಹಬ್ಬ. ಯಾಕೆ ಗೊತ್ತೇ? ನೀರು ಇಳಿದರೆ ಮೀನು, ಕಪ್ಪೆ, ಹುಳ ಎಲ್ಲಾ ಸ್ವಲ್ಪ ಜಾಗದಲ್ಲೇ ಸೇರುತ್ತವೆ. ಹಿಡಿಯುವುದು ಸುಲಭ.

ಸುಮ್ಮನೆ ನಿಂತು ನೋಡೋಣ. ಕದಲದೆ ಹೊಂಚು ಹಾಕಿ ನಿಂತಿರುವುದು ಬೆಳ್ಳಕ್ಕಿ. ಮುಳುಗಿ ಮೀನು ಹಿಡಿಯುವ ಕರೀ ಹಕ್ಕಿ ನೀರುಕಾಗೆ. ಅದರ ರೆಕ್ಕೆ ನೆನೆಯುತ್ತದೆ. ಆಮೇಲೆ ಕಲ್ಲಿನ ಮೇಲೆ ಕೂತು, ನಾವು ಸೀರೆ ಹರವಿದ ಹಾಗೆ, ರೆಕ್ಕೆ ಹರವಿ ಒಣಗಿಸುತ್ತದೆ.

ದಡದ ಬಯಲಲ್ಲಿ ಟಿಟ್ಟಿಭ ಇರುತ್ತದೆ. ಅದು ಮರದಲ್ಲಿ ಗೂಡು ಕಟ್ಟುವುದಿಲ್ಲ. ನೆಲದ ಸಣ್ಣ ಗುಳಿಯಲ್ಲೇ ಮೊಟ್ಟೆ ಇಡುತ್ತದೆ. ಸಾಮಾನ್ಯವಾಗಿ 4 ಮೊಟ್ಟೆ. ಬಣ್ಣ ಮಣ್ಣಿನ ಹಾಗೇ. ಕಾಲ ಹತ್ತಿರ ಇದ್ದರೂ ಕಾಣದು. ನಮ್ಮ ತಲೆ ಮೇಲೆ ಹಾರಿ ಹಾರಿ ಕಿರುಚಿದರೆ ಮೊಟ್ಟೆ ಅಲ್ಲೇ ಎಲ್ಲೋ ಇದೆ ಅಂತ ತಿಳಿಯಿರಿ. ಗಲಾಟೆ ಹಕ್ಕಿ ಅಂತ ಬೈಯಬೇಡಿ. ಪಾಪ, ಅದು ಕಾವಲು ಕಾಯುತ್ತಿದೆ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನಲ್ಲಿ ಕೊಕ್ಕರೆ ಬೆಳ್ಳೂರು ಎಂಬ ಹಳ್ಳಿ ಇದೆ. ಅಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಮಕ್ಕಳು ಆಡುತ್ತಿರುತ್ತಾರೆ. ಮೇಲೆ ಮರಿಗಳು ಕೂಗುತ್ತಿರುತ್ತವೆ. ಹೆಜ್ಜಾರ್ಲೆಯ ಕೊಕ್ಕಿನ ಕೆಳಗೆ ದೊಡ್ಡ ಚೀಲ ಇದೆ. ಅದೇ ಅದರ ಬಲೆ. ಸುತ್ತಲಿನ ಕೆರೆ, ಹೊಳೆಗೆ ಹೋಗಿ ಮೀನು ನುಂಗಿ ಬರುತ್ತದೆ. ಅದನ್ನೇ ಕಕ್ಕಿ ಮರಿಗಳಿಗೆ ಉಣಿಸುತ್ತದೆ.

ಊರವರು ಇವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಯಾರೂ ಕಲ್ಲು ಹೊಡೆಯುವುದಿಲ್ಲ. ಗೂಡು ಇದೆ ಅಂತ ಹುಣಸೆ ಹಣ್ಣು ಬಡಿಯದೆ ಬಿಟ್ಟವರೂ ಇದ್ದಾರೆ. ಇದು ಸಣ್ಣ ಮಾತಲ್ಲ. ಹುಣಸೆ ಅಂದರೆ ವರ್ಷದ ಸಾರು, ಕೈಗೆ ನಾಲ್ಕು ಕಾಸು. ಮರದಡಿ ಬಿದ್ದ ಹಿಕ್ಕೆ ಹೊಲಕ್ಕೆ ಒಳ್ಳೇ ಗೊಬ್ಬರ. 2007ರಲ್ಲಿ ಸರ್ಕಾರ ಈ ಊರನ್ನು ಸಮುದಾಯ ಮೀಸಲು ಪ್ರದೇಶ ಎಂದು ಸಾರಿತು.

ಆದರೂ 2017-18ರಲ್ಲಿ ಅಲ್ಲಿ ಹಲವು ಹೆಜ್ಜಾರ್ಲೆಗಳು ಸತ್ತವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ಜಂತುಹುಳು ಸಿಕ್ಕಿತು. ಈ ಹುಳು ಮೀನಿನಿಂದ ಹಕ್ಕಿಗೆ ಬರುತ್ತದೆ. ಮೀನು ಬೆಳೆಯುವುದು ಕೆರೆಯಲ್ಲಿ. ಊರವರು ಹಕ್ಕಿಗಳನ್ನು ಎಷ್ಟು ಚೆನ್ನಾಗಿ ನೋಡಿಕೊಂಡರೂ, ಅವು ಉಣ್ಣುವ ಕೆರೆ ಕೆಟ್ಟರೆ ಏನು ಮಾಡುವುದು?

ಅಂಥ ಕೆರೆಯ ನೀರನ್ನೇ ನಮ್ಮ ದನ ಕುಡಿಯುತ್ತವೆ. ಮಕ್ಕಳು ಅಲ್ಲೇ ಈಜುತ್ತವೆ. ಬೆಳೆಗೆ ಔಷಧಿ ಹೊಡೆದ ಪಂಪು, ಡಬ್ಬಿ ಕೆರೆಯಲ್ಲಿ ತೊಳೆಯಬಾರದು. ಮನೆಯವರಿಗೂ ಹೇಳೋಣ. ಊರಿನ ಚರಂಡಿ ಎಲ್ಲಿ ಬಂದು ಕೆರೆ ಸೇರುತ್ತದೆ? ಏರಿ ಮೇಲೆ ಒಮ್ಮೆ ನಡೆದು ನೋಡೋಣ. ಗ್ರಾಮಸಭೆಗೆ ಅರ್ಜಿ ಕೊಡಬಹುದು. ಅರ್ಜಿ ಬರೆಯೋಕೆ ಈಗ ನಮಗೇ ಬರುತ್ತದೆ.