ಸ್ಥಿರ ಪುಟಗಳಲ್ಲಿ ಕನ್ನಡದ ಕೂಡುಬರಹ

ಹಲವರು ಕೂಡಿ ಬರೆಯುವುದು, ಒಬ್ಬರು ಬರೆದುದನ್ನು ಇನ್ನೊಬ್ಬರು ತಿದ್ದುವುದು ಮುಂಬಯಿ ಕನ್ನಡಿಗರಿಗೆ ಹೊಸತಲ್ಲ. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ನಿನ ‘ನೇಸರು’, 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯ ‘ಮೊಗವೀರ’ ಈ ಬಗೆಯ ದುಡಿಮೆಯಿಂದಲೇ ಬಾಳಿದ ಪತ್ರಿಕೆಗಳು. ಮುಲುಂಡ್, ಠಾಣೆ, ಡೊಂಬಿವಲಿ ಎಂದು ಮಧ್ಯ ರೈಲ್ವೆಯ ಹಾದಿಯುದ್ದಕ್ಕೂ ಹರಡಿಕೊಂಡಿರುವ ಕನ್ನಡಿಗ ತಂತ್ರಜ್ಞರು ತಮ್ಮ ವೃತ್ತಿಯ ತಿಳಿವಳಿಕೆಯನ್ನು ಕನ್ನಡದಲ್ಲಿ ಕೂಡಿ ಬರೆಯಲು ಹೊರಟರೆ, ಅಚ್ಚುಮನೆಯ ಕೆಲಸವನ್ನೂ ಅಂಚೆಯ ಕೆಲಸವನ್ನೂ ಬಹುಮಟ್ಟಿಗೆ ಮಾಡಿಕೊಡುವ ಸಾಧನವೊಂದಿದೆ. ಅದನ್ನು ಸ್ಟ್ಯಾಟಿಕ್ ಸೈಟ್ ಜನರೇಟರ್, ಅಂದರೆ ಸ್ಥಿರ ಪುಟಗಳ ತಾಣವನ್ನು ಸಿದ್ಧಪಡಿಸುವ ತಂತ್ರಾಂಶ ಎನ್ನುತ್ತಾರೆ.

ಸಾಮಾನ್ಯ ಜಾಲತಾಣದಲ್ಲಿ ಓದುಗರು ಬಂದಾಗಲೆಲ್ಲ ದತ್ತಕೋಶದಿಂದ ಮಾಹಿತಿಯನ್ನು ತೆಗೆದು ಪುಟವನ್ನು ಆ ಕ್ಷಣದಲ್ಲೇ ಕಟ್ಟಿಕೊಡಲಾಗುತ್ತದೆ; ಸ್ಥಿರ ತಾಣದಲ್ಲಾದರೋ ಎಲ್ಲ ಪುಟಗಳನ್ನೂ ಮೊದಲೇ ಸಿದ್ಧಪಡಿಸಿ ಇಡುವುದರಿಂದ ಖರ್ಚೂ ಕಡಿಮೆ, ಕೆಡುವ ಭಾಗಗಳೂ ಕಡಿಮೆ. 2008ರಲ್ಲಿ ಟಾಮ್ ಪ್ರೆಸ್ಟನ್-ವರ್ನರ್ ಹೊರತಂದ ಜೆಕಿಲ್, 2013ರ ಹ್ಯೂಗೋ ಈ ವರ್ಗದ ಹೆಸರಾಂತ ತಂತ್ರಾಂಶಗಳು. ಲೇಖಕರು ಬರೆಯುವುದು ಮಾರ್ಕ್‌ಡೌನ್ ಎಂಬ ಸರಳ ಗುರುತುಗಳ ಪಠ್ಯದಲ್ಲಿ. ಯಾರು ಎಲ್ಲಿ ಏನನ್ನು ಬದಲಿಸಿದರು ಎಂಬ ಲೆಕ್ಕವನ್ನು, 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ರೂಪಿಸಿದ ಗಿಟ್ ಇಡುತ್ತದೆ. ಮುಲುಂಡ್‌ನಲ್ಲಿ ಬರೆದ ಕರಡನ್ನು ಡೊಂಬಿವಲಿಯ ಗೆಳೆಯರು ಸಾಲುಸಾಲಾಗಿ ಪರಿಶೀಲಿಸಿ, ಒಪ್ಪಿಗೆಯಾದ ಮೇಲಷ್ಟೇ ಪ್ರಕಟಿಸುವ ಏರ್ಪಾಡು ಇದರಿಂದ ಸಾಧ್ಯ.

ತೊಡಕು ಎದುರಾಗುವುದು ಕನ್ನಡ ಲಿಪಿ ಯಂತ್ರದೊಳಗೆ ಹೊಕ್ಕಾಗ. ‘ಕನ್ನಡ’ ಎಂಬ ಪದವು ಯುನಿಕೋಡ್‌ನಲ್ಲಿ ಐದು ಸಂಕೇತಗಳಾಗಿ, ಯುಟಿಎಫ್-8 ರೂಪದಲ್ಲಿ 15 ಬೈಟುಗಳಾಗಿ, ಜಾಲವಿಳಾಸದೊಳಗೆ ಸೇರಿದಾಗ 45 ಅಕ್ಷರಗಳ ಓದಲಾಗದ ಸರಪಳಿಯಾಗಿ ಬೆಳೆಯುತ್ತದೆ; ಆದ್ದರಿಂದ ಶೀರ್ಷಿಕೆ ಎಷ್ಟೇ ಉದ್ದವಿರಲಿ, ವಿಳಾಸವನ್ನು ಚಿಕ್ಕದಾಗಿ ಬೇರೆಯೇ ಕೊಡುವುದು ಲೇಸು. ಇನ್ನೂ ಸೂಕ್ಷ್ಮವಾದುದು ‘ದತ್ತಕೋಶ’ದಂಥ ಪದ. ಅದರಲ್ಲಿನ ಓಕಾರವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡುಗಳ ಜೋಡಣೆಯಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಇಬ್ಬರು ಲೇಖಕರು ತಮ್ಮ ಲೇಖನದ ವಿಷಯಸೂಚಿ ಪದವನ್ನು ಬೇರೆ ಬೇರೆ ಕೀಲಿಮಣೆಗಳಿಂದ ಹೀಗೆ ಬರೆದರೆ, ಒಂದೇ ವಿಷಯದ ಲೇಖನಗಳು ಎರಡು ಪಟ್ಟಿಗಳಾಗಿ ಒಡೆದು, ಓದುಗರಿಗೆ ಅರ್ಧವಷ್ಟೇ ಸಿಗುತ್ತದೆ. ಪ್ರಕಟಣೆಗೆ ಮುನ್ನ ಎಲ್ಲ ಕಡತಗಳನ್ನೂ ಏಕರೂಪಕ್ಕೆ ತರುವ ಪುಟ್ಟ ಕ್ರಮವಿಧಿಯೊಂದನ್ನು ಸೇರಿಸಿಕೊಂಡರೆ ಈ ದೋಷ ನೀಗುತ್ತದೆ.

ಅಕಾರಾದಿಯಲ್ಲೂ ಎಚ್ಚರ ಬೇಕು. ಕನ್ನಡ ವರ್ಣಮಾಲೆಯಲ್ಲಿ ಳಕಾರ ಕೊನೆಯದು, ಯುನಿಕೋಡ್‌ನಲ್ಲಾದರೋ ಅದು ವಕಾರಕ್ಕಿಂತ ಮೊದಲು ಬರುತ್ತದೆ. ಹೀಗಾಗಿ ನಿಘಂಟಿನಲ್ಲಿ ‘ಬಹುಮಾಧ್ಯಮ’ದ ನಂತರ ಬರಬೇಕಾದ ‘ಬಳಕೆದಾರ’ ಸಂಕೇತಕ್ರಮದ ಪಟ್ಟಿಯಲ್ಲಿ ಮುಂದಕ್ಕೆ ಜಿಗಿಯುತ್ತದೆ.

ಇಷ್ಟೆಲ್ಲ ಶ್ರಮ ಸಾರ್ಥಕವೇ ಎಂದರೆ, ಹೌದು. ಯುನಿಕೋಡ್ ರೂಢಿಗೆ ಬರುವ ಮುನ್ನ ಬಗೆಬಗೆಯ ಫಾಂಟುಗಳಲ್ಲಿ ಬೆರಳಚ್ಚಾದ ಕನ್ನಡ ಪಠ್ಯವು ಆ ಫಾಂಟು ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ಕಂಡುದನ್ನು ಕನ್ನಡದ ಬರಹಗಾರರು ಮರೆತಿಲ್ಲ. ಯುನಿಕೋಡಿನ ಸಾದಾ ಪಠ್ಯಕ್ಕೆ ಆ ಗತಿಯಿಲ್ಲ. ತಂತ್ರಾಂಶ ಬದಲಾದರೂ ಕಡತ ಓದಲು ಸಿಗುತ್ತದೆ, ಗಿಟ್‌ನಿಂದಾಗಿ ಪ್ರತಿಯೊಬ್ಬ ಲೇಖಕರ ಗಣಕದಲ್ಲೂ ಅದರ ಪೂರ್ಣ ಪ್ರತಿ ಇರುತ್ತದೆ. ಮುಲುಂಡ್‌ನಲ್ಲಾಗಲಿ ಮೈಸೂರಿನಲ್ಲಾಗಲಿ ಇಂಥ ಬಳಗ ಕಟ್ಟುವವರು ಮೊದಲ ಲೇಖನಕ್ಕೂ ಮುನ್ನ ತಮ್ಮ ಪಾರಿಭಾಷಿಕ ಪದಗಳ ಪಟ್ಟಿಯನ್ನು ಎಲ್ಲರೂ ಕೂತು ಒಪ್ಪಿಕೊಂಡು, ಅದನ್ನೂ ಅದೇ ಕಡತಗಳ ನಡುವೆ ಇಡಲಿ.